ತೋಟಕ್ಕೂ ಬಿಡಾರಕ್ಕೂ ಒಂದು ಸಣ್ಣ ಚಾಕು: ಆರಿಸುವ ಬಗೆ

ಮಡಚುವ ಚಾಕುವಿಗೂ ಮಡಚದ ಚಾಕುವಿಗೂ ಇರುವ ವ್ಯತ್ಯಾಸವೆಲ್ಲ ಒಂದು ಕೀಲಿನದು. ಕೀಲೇ ಇಲ್ಲದ ಕಡೆ ಸಡಿಲವಾಗುವುದಕ್ಕೆ, ಮಣ್ಣು ತುಂಬಿಕೊಳ್ಳುವುದಕ್ಕೆ, ಒತ್ತಿದಾಗ ಬೆರಳಿನ ಮೇಲೆ ಮಡಚಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ತೊಳೆದು ಒರೆಸಿ ಇಟ್ಟರೆ ಕೆಲಸ ಮುಗಿಯಿತು. ಬಯಲಿನಲ್ಲಿ ಬಿಡಾರ ಹೂಡುವವರು, ತೋಟದಲ್ಲಿ ಓಡಾಡುವವರು, ಮೀನು ಹಿಡಿಯುವವರು ಮಡಚದ ಚಾಕುವನ್ನೇ ಮೆಚ್ಚುವುದು ಈ ಕಾರಣಕ್ಕೆ. ಆದರೆ ಈ ಹೆಸರಿನಲ್ಲಿ ಮಾರಾಟಕ್ಕೆ ಬರುವ ಹಲವು ಚಾಕುಗಳು ಮಾಡಬೇಕಾದ ಕೆಲಸಕ್ಕಿಂತ ದಪ್ಪ, ಉದ್ದ ಮತ್ತು ಭಾರ. ನನ್ನ ಮಟ್ಟಿಗೆ ಹೇಳುವುದಾದರೆ ಮೊದಲು ನೋಡಬೇಕಾದದ್ದು ಅಲಗಿನ ತೆಳುತನವನ್ನು, ಆಮೇಲೆ ಹಿಡಿ ಮತ್ತು ಒರೆಗಳನ್ನು, ಕೊನೆಗೆ ಉಕ್ಕಿನ ಹೆಸರನ್ನು. ಮಾರುವವರು ಹೇಳುತ್ತ ಹೋಗುವ ಕ್ರಮ ಸಾಮಾನ್ಯವಾಗಿ ಇದರ ತಲೆಕೆಳಗು.

ಇವೆಲ್ಲಕ್ಕೂ ಮುಂಚೆ ಚಾಕುವನ್ನು ಎಲ್ಲಿಗೆ ಒಯ್ಯುತ್ತೇವೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಆಯುಧ ಎಂದರೇನು ಎಂದು ಹೇಳುವಾಗ ಬಂದೂಕು, ಬಿಲ್ಲುಬಾಣ, ಬಲೆ, ಉರುಳುಗಳ ಸಾಲಿನಲ್ಲಿ ಚಾಕುವನ್ನೂ ಸೇರಿಸಿದೆ. ಮುಖ್ಯ ವನ್ಯಜೀವಿ ಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಆಯುಧದೊಡನೆ ವನ್ಯಜೀವಿಧಾಮವನ್ನು ಪ್ರವೇಶಿಸುವಂತಿಲ್ಲ, ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ನಮ್ಮಲ್ಲಿ ಜನ ಹೆಚ್ಚಾಗಿ ಹತ್ತುವ ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ, ಕುದುರೆಮುಖದ ಚಾರಣದ ಹಾದಿ ರಾಷ್ಟ್ರೀಯ ಉದ್ಯಾನದೊಳಗಿದೆ. ಅಂಥ ಕಡೆ ಎಷ್ಟೇ ಒಳ್ಳೆಯ ಚಾಕುವಾದರೂ ಅದರ ಜಾಗ ಮನೆಯೇ. ಹಾಗಾಗಿ ಈ ಬರಹದಲ್ಲಿ ಹೇಳುವ ಚಾಕು ಸ್ವಂತ ತೋಟಕ್ಕೆ, ಗೆಳೆಯರ ಎಸ್ಟೇಟಿಗೆ, ಹೊಳೆದಂಡೆಗೆ, ಅನುಮತಿಯುಳ್ಳ ಬಿಡಾರದ ತಾಣಕ್ಕೆ ಹೋಗುವ ಚಾಕು.

ಕೊಳ್ಳುವುದಕ್ಕೆ ಪರವಾನಗಿ ಬೇಕೆ ಎಂದು ಹಲವರು ಕೇಳುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿಯಲ್ಲಿ ಕತ್ತಿ, ಬಾಕು, ಭರ್ಜಿಗಳ ಜೊತೆಗೆ ಹೆಸರಿಸಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು, ಅವುಗಳಲ್ಲೂ ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಹೊರತುಪಡಿಸಿ. 4 ಇಂಚಿನ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಪೇಟೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವುದು ವಿವೇಕವಲ್ಲ. ದಾರಿಯುದ್ದಕ್ಕೂ ಅದು ಚೀಲದ ತಳದಲ್ಲಿರಲಿ. ವಿಮಾನದಲ್ಲಾದರೆ ಕೈಚೀಲದಲ್ಲಿ ಇಡುವಂತಿಲ್ಲ, ಚೆಕ್-ಇನ್ ಸಾಮಾನಿನಲ್ಲೇ ಹೋಗಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು: ಅಲ್ಲಿ 3 ಇಂಚಿನೊಳಗಿನ, ಬೀಗ ಬೀಳದ ಮಡಚು ಚಾಕುವಿಗೆ ಇರುವ ವಿನಾಯಿತಿ ಮಡಚದ ಚಾಕುವಿಗೆ ಇಲ್ಲ, ಅದು ಎಷ್ಟೇ ಚಿಕ್ಕದಾದರೂ ಸಾರ್ವಜನಿಕ ಸ್ಥಳದಲ್ಲಿ ಒಯ್ಯಲು ತಕ್ಕ ಕಾರಣ ಬೇಕು.

ಈಗ ಕೆಲಸದ ಮಾತು. ಸಣ್ಣ ಚಾಕು ಮಾಡಬೇಕಾದದ್ದು ಹಗ್ಗ ಮತ್ತು ಬಳ್ಳಿ ಕತ್ತರಿಸುವುದು, ತರಕಾರಿ ಹೆಚ್ಚುವುದು, ಮೀನು ಸೀಳುವುದು, ಡೇರೆಯ ಗೂಟಕ್ಕೆ ಮೊನೆ ಮಾಡುವುದು, ಮಳೆಗಾಲದಲ್ಲಿ ಒದ್ದೆಯಾದ ಸೌದೆಯ ತೊಗಟೆ ತೆಗೆದು ಒಳಗಿನ ಒಣಭಾಗದಿಂದ ಬೆಂಕಿ ಹಿಡಿಯುವಂಥ ತೆಳ್ಳನೆಯ ಹೆರೆಗಳನ್ನು ಎಬ್ಬಿಸುವುದು, ಇಷ್ಟೇ. ಬಿದಿರು ಸೀಳುವುದಕ್ಕೆ, ಎಳನೀರು ಕೆತ್ತುವುದಕ್ಕೆ, ದಾರಿಯ ಪೊದೆ ಸವರುವುದಕ್ಕೆ ಕತ್ತಿ ಇದೆ, ಮಚ್ಚು ಇದೆ. ಚಾಕುವಿನ ಬೆನ್ನಿಗೆ ಕೊರಡಿನಿಂದ ಬಡಿದು ಮರ ಸೀಳುವ ದೃಶ್ಯಗಳನ್ನು ನೋಡಿ ಚಾಕು ಆರಿಸುವವರು ಕಾಲು ಇಂಚು ದಪ್ಪದ ಅಲಗನ್ನು ಮನೆಗೆ ತರುತ್ತಾರೆ. ಸೊಂಟದ ಕೊಕ್ಕೆಯಲ್ಲಿ ಕತ್ತಿ ತೂಗುಹಾಕಿಕೊಂಡು ತೋಟಕ್ಕೆ ಹೋಗುವ ಮಲೆನಾಡಿನವರಿಗೆ ಈ ಗೊಂದಲವೇ ಇಲ್ಲ. ಅವರು ಒಂದೇ ಅಲಗಿನಿಂದ ಎರಡೂ ಕೆಲಸವನ್ನು ಬಯಸುವುದಿಲ್ಲ.

ಅಲಗಿನ ಉದ್ದ 8ರಿಂದ 10 ಸೆಂಟಿಮೀಟರ್ ಇದ್ದರೆ ಸಾಕು. ಅದಕ್ಕಿಂತ ಚಿಕ್ಕದಾದರೆ ಈರುಳ್ಳಿಯೂ ಒಂದೇ ಎಳೆತಕ್ಕೆ ಕತ್ತರಿಸುವುದಿಲ್ಲ. ಉದ್ದವಾದಷ್ಟೂ ಮೊನೆ ಕೈಯಿಂದ ದೂರವಾಗಿ ನವಿರು ಕೆಲಸ ಕಷ್ಟವಾಗುತ್ತದೆ. ಬೆನ್ನಿನ ದಪ್ಪ 2ರಿಂದ 3 ಮಿಲಿಮೀಟರ್ ಒಳಗಿರಲಿ. ಇದೇಕೆ ಮುಖ್ಯ ಎಂಬುದು ಗಟ್ಟಿಯಾದ ಒಂದು ಕ್ಯಾರೆಟ್ಟಿನಿಂದ ತಿಳಿಯುತ್ತದೆ. 5 ಮಿಲಿಮೀಟರ್ ದಪ್ಪದ ಚಾಕುವಿನ ಬಾಯಿ ಎಷ್ಟೇ ಹರಿತವಾಗಿದ್ದರೂ ಅದು ಕ್ಯಾರೆಟ್ಟಿನೊಳಗೆ ಅರ್ಧದವರೆಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಬರುವ ದಪ್ಪ ಬೆಣೆಯಂತೆ ಒತ್ತಿ, ಉಳಿದರ್ಧವನ್ನು ಟಕ್ಕೆಂದು ಸೀಳಿಬಿಡುತ್ತದೆ. ತುಂಡಿನ ಕೆಳಭಾಗ ಒರಟಾಗಿ ಮುರಿದಿರುತ್ತದೆ. 2 ಮಿಲಿಮೀಟರಿನ ಅಲಗು ತಳದವರೆಗೂ ಕತ್ತರಿಸಿಕೊಂಡೇ ಹೋಗುತ್ತದೆ. ಸ್ವೀಡನ್ನಿನ ಮೊರಾಕ್ನಿವ್ ಸಂಸ್ಥೆಯ ಕಂಪ್ಯಾನಿಯನ್ ಎಂಬ ಸಾಧಾರಣ ಚಾಕು ಇಷ್ಟೊಂದು ಜನರ ಕೈಯಲ್ಲಿ ಕಾಣುವುದಕ್ಕೆ ಅಗ್ಗದ ಬೆಲೆಯಷ್ಟೇ ಕಾರಣವಲ್ಲ: ಅದರ ಅಲಗು ಸುಮಾರು 10 ಸೆಂಟಿಮೀಟರ್ ಉದ್ದ, 2.5 ಮಿಲಿಮೀಟರ್ ದಪ್ಪ. ಆರಿಸುವವರು ಅದನ್ನೇ ಕೊಳ್ಳಬೇಕೆಂದಿಲ್ಲ, ಅದನ್ನೊಂದು ಅಳತೆಗೋಲಾಗಿ ಇಟ್ಟುಕೊಂಡು ಉಳಿದವನ್ನು ಹೋಲಿಸಬಹುದು.

ಬೆನ್ನಿನಿಂದ ಬಾಯಿಯವರೆಗೆ ಅಲಗು ಹೇಗೆ ಇಳಿಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಮೊರಾದಂಥ ಚಾಕುಗಳಲ್ಲಿ ಅಲಗು ಬಹುಭಾಗ ಸಮತಟ್ಟಾಗಿದ್ದು, ಕೆಳಗಿನ ಒಂದು ಅಗಲವಾದ ಪಟ್ಟಿ ಮಾತ್ರ ನೇರ ಇಳಿಜಾರಾಗಿ ಬಾಯಿಗೆ ಸೇರುತ್ತದೆ. ಇದಕ್ಕೆ ಸ್ಕ್ಯಾಂಡಿ ಎನ್ನುತ್ತಾರೆ. ಮರ ಹೆರೆಯುವುದಕ್ಕೆ ಇದು ಬಹಳ ಚೆನ್ನ, ಮಸೆಯುವಾಗ ಆ ಪಟ್ಟಿಯನ್ನೇ ಕಲ್ಲಿಗೆ ಒರಗಿಸಿದರೆ ಕೋನ ತಾನಾಗಿ ಸಿಗುತ್ತದೆ. ಬೆನ್ನಿನಿಂದಲೇ ಸಮನಾಗಿ ತೆಳುವಾಗುತ್ತ ಬರುವ ಅಲಗು ಅಡುಗೆಯ ಕೆಲಸಕ್ಕೆ ಮೇಲು. ಹೆಚ್ಚುವುದೇ ಹೆಚ್ಚಾಗಿದ್ದರೆ ಎರಡನೆಯದು, ಸೌದೆ ಮತ್ತು ಗೂಟದ ಕೆಲಸ ಹೆಚ್ಚಾಗಿದ್ದರೆ ಮೊದಲನೆಯದು. ಬಾಯಿಯ ಅರ್ಧಕ್ಕೆ ಗರಗಸದ ಹಲ್ಲುಳ್ಳವು, ಬೆನ್ನಿನಲ್ಲಿ ಹಲ್ಲು ಕೊರೆದವು, ಹಿಡಿಯೊಳಗೆ ಬೆಂಕಿಕಡ್ಡಿ ಮತ್ತು ಗಾಳ ತುಂಬಿಡುವ ಪೊಳ್ಳು ಇರುವವು, ಇವನ್ನು ಕೈಗೆತ್ತಿಕೊಂಡು ನೋಡುವ ಅಗತ್ಯವೂ ಇಲ್ಲ. ಫೆರೊ ರಾಡ್ ಎಂಬ ಲೋಹದ ಕಡ್ಡಿಯನ್ನು ಚಾಕುವಿನ ಬೆನ್ನಿನಿಂದ ಉಜ್ಜಿ ಕಿಡಿ ಎಬ್ಬಿಸುವವರು ಮಾತ್ರ ಬೆನ್ನಿನ ಅಂಚು ಚೌಕವಾಗಿ, ಚೂಪಾಗಿ ಇದೆಯೇ ಎಂದು ಉಗುರಿನಿಂದ ಕೆರೆದು ನೋಡಿಕೊಳ್ಳಬೇಕು.

ಉಕ್ಕಿನ ಬಗ್ಗೆ ಪುಟಗಟ್ಟಲೆ ಬರೆಯಬಹುದು, ಆದರೆ ಮೊದಲ ಚಾಕು ಕೊಳ್ಳುವವರಿಗೆ ಬೇಕಾದದ್ದು ಸ್ವಲ್ಪವೇ. ಹೈ ಕಾರ್ಬನ್ ಉಕ್ಕು ಸುಲಭವಾಗಿ ಮಸೆಯುತ್ತದೆ, ತುಕ್ಕೂ ಅಷ್ಟೇ ಸುಲಭವಾಗಿ ಹಿಡಿಯುತ್ತದೆ. ಮಾವಿನಕಾಯಿ, ನಿಂಬೆಹಣ್ಣು ಕತ್ತರಿಸಿದರೆ ಅಲಗು ನೋಡನೋಡುತ್ತಲೇ ಕಪ್ಪಾಗಿ, ಹೋಳಿಗೆ ಕಬ್ಬಿಣದ ರುಚಿ ಬರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಆಗುಂಬೆಯಂಥ ಊರಿನ ಜೂನ್–ಜುಲೈ ತಿಂಗಳ ಮಳೆಯಲ್ಲಿ ಅದನ್ನು ಪ್ರತಿ ಸಂಜೆ ಒರೆಸಿ ಎಣ್ಣೆ ಹಚ್ಚುವ ಶಿಸ್ತು ಇಲ್ಲದವರು ಸ್ಟೇನ್‌ಲೆಸ್ ಉಕ್ಕನ್ನೇ ಆರಿಸಲಿ. ಚಿತ್ರದುರ್ಗ, ಬಳ್ಳಾರಿಗಳ ಒಣಹವೆಯಲ್ಲಿ ಕಾರ್ಬನ್ ಉಕ್ಕು ಅಷ್ಟು ಕಾಡುವುದಿಲ್ಲ. ಸ್ಟೇನ್‌ಲೆಸ್‌ನಲ್ಲಿ 12ಸಿ27, 14ಸಿ28ಎನ್, 420ಎಚ್‌ಸಿ ಎಂಬವು ನಂಬಬಹುದಾದ ಸಾಧಾರಣ ದರ್ಜೆಗಳು; ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 56ರಿಂದ 60ರ ನಡುವೆ ಇದ್ದರೆ ಹರಿತವೂ ನಿಲ್ಲುತ್ತದೆ, ಮನೆಯ ಕಲ್ಲಿನಲ್ಲಿ ಮಸೆಯುವುದಕ್ಕೂ ಬರುತ್ತದೆ. ಬರಿದೇ ‘ಸರ್ಜಿಕಲ್ ಸ್ಟೀಲ್’ ಎಂದು ಅಚ್ಚೊತ್ತಿದ್ದರೆ ಅದರಿಂದ ಯಾವ ಉಕ್ಕು ಎಂಬುದೇ ತಿಳಿಯುವುದಿಲ್ಲ. ಒಂದೇ ಉಕ್ಕನ್ನು ಸರಿಯಾಗಿ ಕಾಯಿಸಿ, ತಣಿಸಿ, ಹದ ಮಾಡಿದವರ ಚಾಕುವಿಗೂ ಹದ ತಪ್ಪಿಸಿದವರ ಚಾಕುವಿಗೂ ಇರುವ ಅಂತರ, ಎರಡು ಒಳ್ಳೆಯ ಉಕ್ಕುಗಳ ನಡುವಿನ ಅಂತರಕ್ಕಿಂತ ದೊಡ್ಡದು.

ಹಿಡಿಯನ್ನು ಕಣ್ಣಿನಿಂದ ಆರಿಸಲಾಗದು. ಮುಷ್ಟಿ ಕಟ್ಟಿದಾಗ ನಾಲ್ಕೂ ಬೆರಳು ಹಿಡಿಯ ಮೇಲೆ ಪೂರ್ತಿ ಕೂರಬೇಕು. ಹೆಚ್ಚಿನವರ ಕೈಗೆ 10–11 ಸೆಂಟಿಮೀಟರ್ ಉದ್ದ ಸಾಕಾಗುತ್ತದೆ. ಬೆರಳೊಂದಕ್ಕೆ ಒಂದರಂತೆ ಅಚ್ಚುಕಟ್ಟಾಗಿ ಹಳ್ಳ ತೋಡಿದ ಹಿಡಿ ಅಂಗಡಿಯಲ್ಲಿ ಹಿತವೆನಿಸುತ್ತದೆ, ಆದರೆ ಅದು ಒಂದೇ ಬಗೆಯ ಹಿಡಿತಕ್ಕೆ ಒಪ್ಪುತ್ತದೆ. ಗೂಟ ಚೂಪು ಮಾಡುವಾಗ ಬಾಯಿ ಹೊರಗೆ, ಹಣ್ಣು ಸುಲಿಯುವಾಗ ಬಾಯಿ ಹೆಬ್ಬೆರಳಿನ ಕಡೆಗೆ, ಮೀನು ಸೀಳುವಾಗ ತೋರುಬೆರಳು ಬೆನ್ನಿನ ಮೇಲೆ, ಹೀಗೆ ಕೈ ಬದಲಾಗುತ್ತಲೇ ಇರುತ್ತದೆ. ಅಡ್ಡಕೊಯ್ತದಲ್ಲಿ ಮೊಟ್ಟೆಯಾಕಾರ ಇರುವ ನುಣ್ಣನೆಯ ಹಿಡಿ ಮೂರಕ್ಕೂ ಒದಗುತ್ತದೆ, ಕತ್ತಲಲ್ಲೂ ಬಾಯಿ ಯಾವ ಕಡೆಗಿದೆ ಎಂದು ಅಂಗೈಗೆ ಹೇಳುತ್ತದೆ. ಪೂರ್ತಿ ದುಂಡಾದ ಹಿಡಿ ಒದ್ದೆ ಕೈಯಲ್ಲಿ ತಿರುಗುತ್ತದೆ.

ಒದ್ದೆ ಕೈಯ ಮಾತು ಬಂದಿದ್ದರಿಂದ ಬೆರಳಿನ ತಡೆಯ ಬಗ್ಗೆಯೂ ಹೇಳಬೇಕು. ಫಿನ್ಲೆಂಡಿನ ಸಾಂಪ್ರದಾಯಿಕ ಪೂಕ್ಕೊ ಚಾಕುಗಳಿಗೆ ತಡೆಯೇ ಇಲ್ಲ. ಅವುಗಳಿಂದ ತಿವಿಯದೆ ಹೆರೆಯುವ ಅಭ್ಯಾಸ ಅಲ್ಲಿನವರಿಗೆ ಚಿಕ್ಕಂದಿನಿಂದ ಇರುತ್ತದೆ. ನಮ್ಮಲ್ಲಿ ಹಲಸಿನ ಹಣ್ಣು ಬಿಡಿಸುವವರು ಮೇಣ ಅಂಟದಿರಲೆಂದು ಕೈಗೂ ಚಾಕುವಿಗೂ ತೆಂಗಿನೆಣ್ಣೆ ಸವರಿಕೊಳ್ಳುತ್ತಾರಲ್ಲ, ಆ ಕೈಯಲ್ಲಿ ತಡೆಯಿಲ್ಲದ ನುಣುಪು ಹಿಡಿ ಸಲ್ಲದು. ಹಿಡಿಯ ಮುಂತುದಿಯಲ್ಲಿ ಒಂದು ಚಿಕ್ಕ ಉಬ್ಬು ಇದ್ದರೆ ಸಾಕು, ಬೆರಳು ಮುಂದಕ್ಕೆ ಜಾರುವುದಿಲ್ಲ. ಹಿಡಿ ಮುಗಿದಲ್ಲಿಂದ ಬಾಯಿ ಆರಂಭವಾಗುವವರೆಗೆ ಬೆರಳಗಲದ ಮೊಂಡು ಜಾಗ ಬಿಟ್ಟಿರುವ ಚಾಕುಗಳೂ ಇವೆ; ಮರ ಹೆರೆಯುವಾಗ ಹೆಚ್ಚು ಬಲ ಸಿಗುವುದು ಹಿಡಿಗೆ ತೀರ ಹತ್ತಿರದ ಬಾಯಿಯಲ್ಲಾದ್ದರಿಂದ ಅವು ನನಗೆ ಸೇರುವುದಿಲ್ಲ.

ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹಿಡಿಯಷ್ಟೇ ಅಗಲವಾಗಿ ಹೋಗಿರಬೇಕು ಎಂಬ ಫುಲ್ ಟ್ಯಾಂಗ್ ಮೋಹ ಈಗ ಎಲ್ಲೆಡೆ ಇದೆ. ಬಡಿಯುವ, ಮೀಟುವ ಕೆಲಸಕ್ಕೆ ಅದು ಸರಿ. ಹೆಚ್ಚುವುದಕ್ಕೆ, ಹೆರೆಯುವುದಕ್ಕೆ ಬಳಸುವ ಸಣ್ಣ ಚಾಕುವಿಗೆ ಹಿಡಿಯ ಮುಕ್ಕಾಲು ಭಾಗದವರೆಗೆ ಭದ್ರವಾಗಿ ಕೂತ ಉಕ್ಕು ಸಾಕು, ಚಾಕು ಹಗುರವಾಗಿಯೂ ಉಳಿಯುತ್ತದೆ.

ಒರೆಯನ್ನು ಕೊಡುಗೆಯಾಗಿ ಬಂದ ವಸ್ತುವೆಂದು ಭಾವಿಸುವವರೇ ಹೆಚ್ಚು, ಆದರೆ ಚಾಕುವಿನ ಹೆಚ್ಚಿನ ಸಮಯ ಕಳೆಯುವುದು ಅದರೊಳಗೇ. ಚಾಕುವನ್ನು ಒರೆಗೆ ಹಾಕಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ತಲೆಕೆಳಗು ಮಾಡಿ ಜೋರಾಗಿ ಕೊಡವಬೇಕು. ಜಾರಿದರೆ ಆ ಚಾಕು ಬೇಡ. ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ ಒರೆಯ ಅಂಚನ್ನು ತಳ್ಳಿ ಹೊರತೆಗೆಯಲು ಬರಬೇಕು, ಮರಳಿ ಹಾಕುವಾಗ ಮೊನೆ ಒರೆಯ ಗೋಡೆಯನ್ನು ತೂರುವಂತಿರಬಾರದು. ಮಳೆಗಾಲಕ್ಕೆ ತಳದಲ್ಲಿ ನೀರಿಳಿಯುವ ತೂತಿರುವ ಪ್ಲಾಸ್ಟಿಕ್ ಒರೆಯೇ ಲೇಸು. ಚರ್ಮದ ಒರೆ ನೋಡಲು ಚೆಂದ, ಸದ್ದಿಲ್ಲದೆ ಸೊಂಟಕ್ಕೆ ಒಗ್ಗುತ್ತದೆ, ಆದರೆ ನೀರು ಹೀರಿಕೊಂಡು ದಿನಗಟ್ಟಲೆ ಬಿಟ್ಟುಕೊಡುವುದಿಲ್ಲ. ಅದರೊಳಗೆ ತಿಂಗಳುಗಟ್ಟಲೆ ಬಿಟ್ಟ ಕಾರ್ಬನ್ ಚಾಕು ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿದೇ ಹೊರಬರುತ್ತದೆ. ಚರ್ಮವೇ ಬೇಕೆನ್ನುವವರು ಮನೆಯಲ್ಲಿ ಚಾಕುವನ್ನು ಒರೆಯಿಂದ ಹೊರಗೆ, ಎಣ್ಣೆ ಸವರಿ, ಮಕ್ಕಳ ಕೈಗೆಟುಕದಂತೆ ಇಡಲಿ. ಸೊಂಟಕ್ಕೆ ಸುತ್ತುವ ಚೇಲೆಗೆ ಸಿಕ್ಕಿಸುವ ಕೊಡವರ ಪೀಚೆಕತ್ತಿಯ ಬೆಳ್ಳಿ ಕಟ್ಟಿದ ಒರೆಯ ಅಂದಕ್ಕೆ ಮಾರುಹೋಗದವರು ಯಾರು, ಆದರೆ ಅದು ಮದುವೆಮನೆಯ ಭೂಷಣ.

ಕಂಪನಿಯ ಚಾಕುವೇ ಆಗಬೇಕೆಂದಿಲ್ಲ. ಊರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ಅಲ್ಲಿನ ಆಚಾರಿಯವರ ಬಳಿ ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟಿನಿಂದ ಚಾಕು ಮಾಡಿಸಬಹುದು. ಅದು ಹದ ಹಿಡಿಯುವ ಒಳ್ಳೆಯ ಉಕ್ಕು. ಕೇಳುವ ರೀತಿ ಮಾತ್ರ ಸ್ಪಷ್ಟವಾಗಿರಬೇಕು. ದಿನವೂ ಕತ್ತಿ ಬಡಿಯುವ ಕೈ ಚಾಕುವನ್ನೂ ಕತ್ತಿಯಷ್ಟೇ ದಪ್ಪ ಮಾಡುತ್ತದೆ, ಆದ್ದರಿಂದ ರಟ್ಟಿನಲ್ಲಿ ಅಲಗಿನ ಆಕಾರ ಕತ್ತರಿಸಿ ಕೊಟ್ಟು, ಬೆನ್ನು 3 ಮಿಲಿಮೀಟರ್ ಮೀರಬಾರದೆಂದು ಹೇಳಿ. ಸಾಣೆಯಂತ್ರಕ್ಕೆ ಹಿಡಿದಾಗ ಬಾಯಿ ನೀಲಿಗಟ್ಟಿದರೆ ಅಲ್ಲಿ ಹದ ಇಳಿದಿದೆ ಎಂದರ್ಥ; ಆಗಾಗ ನೀರಿಗೆ ಅದ್ದಿ ನಿಧಾನವಾಗಿ ಹಿಡಿಯಲು ಕೇಳಿಕೊಳ್ಳಬೇಕು.

ಅಂಗಡಿಯಲ್ಲಾಗಲಿ ಕುಲುಮೆಯಲ್ಲಾಗಲಿ ಹಣ ಕೊಡುವ ಮುನ್ನ ಚಾಕುವನ್ನು ಬೆಳಕಿಗೆ ಒಯ್ಯಿರಿ. ಬಾಯಿ ಮೇಲಾಗಿ ಹಿಡಿದು ನೇರ ಮೇಲಿನಿಂದ ನೋಡಿದಾಗ ಹರಿತವಾದ ಬಾಯಿ ಕಾಣಿಸುವುದೇ ಇಲ್ಲ. ಎಲ್ಲಾದರೂ ಬಿಳಿಯ ಗೆರೆ ಅಥವಾ ಚುಕ್ಕೆ ಮಿಂಚಿದರೆ ಅಲ್ಲಿ ಮೊಂಡಾಗಿದೆ ಅಥವಾ ಮುಕ್ಕಾಗಿದೆ. ಹಿಡಿಯ ತುದಿಯಿಂದ ಮೊನೆಯ ಕಡೆಗೆ ಒಂದು ಕಣ್ಣು ಮುಚ್ಚಿ ನೋಡಿದರೆ ಅಲಗು ವಾಲಿರುವುದು ಗೊತ್ತಾಗುತ್ತದೆ. ಅಲಗು ಹಿಡಿಯನ್ನು ಸೇರುವಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಸಂದು ಇದ್ದರೆ ಮೀನಿನ ರಕ್ತವೂ ನೀರೂ ಅಲ್ಲೇ ಸೇರುತ್ತವೆ.

ಚಾಕುವಿನ ಜೊತೆಗೇ ಒಂದು ಮಸೆಗಲ್ಲನ್ನೂ ಕೊಳ್ಳಿರಿ, ಅಥವಾ ಮನೆಯಲ್ಲಿರುವುದನ್ನೇ ಬಳಸಿರಿ; ಕಲ್ಲಿನ ಕಣಗಳ ನವಿರನ್ನು ಹೇಳುವ ಗ್ರಿಟ್ ಅಳತೆಯಲ್ಲಿ ಸಾಮಾನ್ಯ ಬಳಕೆಗೆ 1000 ಹೊಂದುತ್ತದೆ. ಮೊದಲ ಸಲ ಮಸೆಯುವಾಗ ಕೋನ ಹಿಡಿಯುವುದು ಕಷ್ಟವೆನಿಸಿದರೆ ಬಾಯಿಯ ಇಳಿಜಾರಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು, ಕಲ್ಲಿನ ಮೇಲೆ ಎರಡು ಮೂರು ಸಲ ಎಳೆದು ನೋಡಬೇಕು. ಮಸಿ ಮೇಲಂಚಿನಲ್ಲಿ ಮಾತ್ರ ಹೋಗಿದ್ದರೆ ಬೆನ್ನನ್ನು ತುಸು ಎತ್ತಬೇಕು, ಬಾಯಿಯ ತುದಿಯಲ್ಲಿ ಮಾತ್ರ ಹೋಗಿದ್ದರೆ ತುಸು ಇಳಿಸಬೇಕು. ಇಳಿಜಾರಿನ ಉದ್ದಗಲಕ್ಕೂ ಒಂದೇ ಸಮನೆ ಅಳಿಸಿದಾಗ ಆ ಕೋನವನ್ನೇ ಕೈಗೆ ರೂಢಿ ಮಾಡಿಕೊಂಡು ಎರಡೂ ಮಗ್ಗುಲನ್ನು ಸಮನಾಗಿ ಮಸೆಯಬೇಕು.