ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ, ಟೈಮ್ ನಾನು ಲೆಕ್ಕ ಹಾಕೋದು ಹೀಗೆ

ಅಪ್ಪ ಅಮ್ಮನ್ನ ಇಲ್ಲಿಗೆ ಕರೆಸ್ಕೊಳ್ಳೋವಾಗ ಟಿಕೆಟ್ ರೇಟ್ ನೋಡೋಕೆ ಮುಂಚೆ ದೂರ, ಟೈಮ್ ಎರಡನ್ನೂ ನಾನೇ ಲೆಕ್ಕ ಹಾಕ್ತೀನಿ, ಯಾಕಂದ್ರೆ ಎಪ್ಪತ್ತು ದಾಟಿದವರು ಒಂದೇ ಸೀಟಲ್ಲಿ ಎಷ್ಟೊತ್ತು ಕೂರ್ಬೇಕು ಅನ್ನೋದು ನನಗೆ ರೇಟ್‌ಗಿಂತ ದೊಡ್ಡ ವಿಷಯ.

ದೂರಕ್ಕೆ ಮೊದ್ಲು ಗ್ಲೋಬ್ ಮೇಲೆ ದಾರ ಇಟ್ಟು ನೋಡಿ. ಗೋಡೆ ಮ್ಯಾಪಲ್ಲಿ ನೋಡಿದ್ರೆ ಪೆಸಿಫಿಕ್ ಮಧ್ಯದಲ್ಲೇ ಹೋಗ್ಬೇಕು ಅನ್ಸುತ್ತೆ, ಆದ್ರೆ ದಾರ ಬಿಗಿಯಾಗಿ ಎಳೆದ್ರೆ ಅದು ಟಿಬೆಟ್, ಸೈಬೀರಿಯಾ ಹತ್ತಿ ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತೆ. ಸ್ಪ್ರೆಡ್‌ಶೀಟಲ್ಲಿ ಎರಡೂ ಏರ್‌ಪೋರ್ಟಿನ ಅಕ್ಷಾಂಶ ರೇಖಾಂಶ ಹಾಕಿ (ಬೆಂಗಳೂರು 13.2, 77.7, ಸ್ಯಾನ್ ಫ್ರಾನ್ಸಿಸ್ಕೋ 37.6, ಮೈನಸ್ 122.4), ರೇಡಿಯನ್‌ಗೆ ಬದಲಾಯಿಸಿ ಗೋಳಕ್ಕೆ ಬಳಸೋ ಕೊಸೈನ್ ಸೂತ್ರದಿಂದ ಬರೋ ಕೋನಾನ 6371ರಿಂದ (ಕಿ.ಮೀ. ಲೆಕ್ಕದಲ್ಲಿ ಭೂಮಿಯ ತ್ರಿಜ್ಯ) ಗುಣಿಸಿದ್ರೆ 14,000 ಕಿ.ಮೀ.ಗೆ ಸ್ವಲ್ಪ ಕಮ್ಮಿ ಬರುತ್ತೆ. ವಿಮಾನ ಇದೇ ಗೆರೆ ಮೇಲೆ ಹೋಗಲ್ಲ, ಗಾಳಿ ನೋಡ್ಕೊಂಡು ದಾರಿ ಹಾಕ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಇಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೇ ಹೋಯ್ತು, ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು, ಅದನ್ನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಹೆಮ್ಮೆ.

ಟೈಮ್ ವಿಷಯಕ್ಕೆ ಬಂದ್ರೆ ಟಿಕೆಟ್ ಮೇಲಿನ ಗಂಟೆ ನೋಡಿ ಕಳೆಯೋಕೆ ಹೋಗ್ಬೇಡಿ. ಬೇಸಿಗೇಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದ್ರೆ ಇಲ್ಲಿ ಅದೇ ದಿನ ಸಂಜೆ 5:30, ಬರೀ ಮೂರೂವರೆ ಗಂಟೆ ಪ್ರಯಾಣ ಅನ್ನೋ ಹಾಗೆ ಕಾಣುತ್ತೆ, ಅದಕ್ಕೆ ಎರಡೂ ಊರಿನ ಗಡಿಯಾರದ ವ್ಯತ್ಯಾಸ ಹನ್ನೆರಡೂವರೆ ಗಂಟೆ ಸೇರಿಸ್ಬೇಕು (ನವೆಂಬರಿಂದ ಮಾರ್ಚ್‌ವರೆಗೆ ಹದಿಮೂರೂವರೆ). ವಾಪಸ್ ಹೋಗೋವಾಗ ಪಶ್ಚಿಮದ ಗಾಳಿ ಸಹಾಯ ಸಿಗಲ್ಲ, ಹದಿನೇಳೂವರೆ ಗಂಟೆ ಅಂತ ಇಟ್ಕೊಳ್ಳಿ, ಸೋಮವಾರ ರಾತ್ರಿ 9ಕ್ಕೆ ಹೊರಟೋರು ದೇವನಹಳ್ಳೀಲಿ ಇಳಿಯೋದು ಬುಧವಾರ ಬೆಳಗಿನ ಜಾವ 3ಕ್ಕೆ. ಕರ್ಕೊಂಡು ಹೋಗೋಕೆ ಬರೋ ತಮ್ಮನಿಗೆ "ಮಂಗಳವಾರ ರಾತ್ರಿ ಮಲಗ್ಬೇಡ, ಹೊರಡು ಕಣೋ" ಅಂತಾನೇ ಹೇಳ್ತೀನಿ, ಬುಧವಾರ ಅಂದ್ರೆ ಆ ರಾತ್ರೀನೋ ಮಾರನೇ ರಾತ್ರೀನೋ ಅಂತ ಗೊಂದಲ ಆಗುತ್ತೆ.

ಇನ್ನು ನೇರ ವಿಮಾನ ಇಲ್ಲ ಅಥವಾ ಬೇಡ ಅಂದ್ರೆ ದುಬೈ ಮೇಲೆ ಒಟ್ಟು ಹೆಚ್ಚುಕಮ್ಮಿ 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೇಲೆ 16,500. ದುಬೈ ಹತ್ರ ಅನ್ಸುತ್ತೆ, ಆದ್ರೆ ನಾಲ್ಕು ಗಂಟೆ ಹಾರಿ ಇಳಿದ ಮೇಲೆ ಮತ್ತೆ ಹದಿನಾರು ಗಂಟೆ ಒಂದೇ ಉಸಿರಲ್ಲಿ ಕೂರ್ಬೇಕು. ಫ್ರಾಂಕ್‌ಫರ್ಟ್ ಆದ್ರೆ ಹತ್ತು, ಹನ್ನೊಂದು ಗಂಟೆ ಹಾಗೆ ಸರಿಯಾಗಿ ಎರಡು ಭಾಗ, ಅಮ್ಮನ ಮಂಡಿನೋವಿಗೆ ಅದೇ ವಾಸಿ. ಮಧ್ಯೆ ಮೂರು ಗಂಟೆನಾದ್ರೂ ಗ್ಯಾಪ್ ಇರೋ ಟಿಕೆಟ್ ತಗೊಂಡು ವೀಲ್‌ಚೇರ್‌ಗೆ ಬುಕಿಂಗ್ ಮಾಡೋವಾಗ್ಲೇ ಹೇಳ್ಬಿಡ್ತೀನಿ.

ಮಾತ್ರೆ ಚೀಟಿ ಪೂರ್ತಿ ಇಂಡಿಯಾ ಟೈಮಲ್ಲೇ ಬರೆದು ಕಳಿಸ್ತೀನಿ, ಇಲ್ಲಿ ಇಳಿಯೋವರೆಗೂ ಅಪ್ಪ ವಾಚ್ ಮುಟ್ಟಲ್ಲ. ಶುಗರ್ ಮಾತ್ರೆ ಮಾತ್ರ ಇಲ್ಲಿನ ಟೈಮಿಗೆ ಹೇಗೆ ಬದಲಾಯಿಸ್ಬೇಕು ಅಂತ ಹೊರಡೋಕೆ ಮುಂಚೆ ಅವರ ಡಾಕ್ಟ್ರನ್ನೇ ಕೇಳಿ ಅದೇ ಚೀಟಿ ಕೆಳಗೆ ಬರೆಸ್ಕೊಳ್ತಾರೆ.