ಒಂದಡಿ ಶೋಕೇಸಿಗೆ ಡಯೊರಾಮಾ ಕಟ್ಟುವುದು ಹೇಗೆ?

ಕೈಕಾಲು ಮಡಚುವ ಗೊಂಬೆ, ಅಂದರೆ ಆ್ಯಕ್ಷನ್ ಫಿಗರ್‌ಗೆ ಡಯೊರಾಮಾ (ಗೊಂಬೆಯ ಸುತ್ತ ಕಟ್ಟುವ ಪುಟ್ಟ ದೃಶ್ಯ) ಮಾಡುವವರು ಮೊದಲು ಚೆಂದದ ಮನೆ ಕಟ್ಟುತ್ತಾರೆ, ಬಣ್ಣ ಬಳಿಯುತ್ತಾರೆ. ಕೊನೆಗೆ ಶೋಕೇಸಿನಲ್ಲಿ ಇಟ್ಟರೆ ಗಾಜು ಮುಚ್ಚುವುದಿಲ್ಲ. ಆಮೇಲೆ ಮನೆಯ ಮಾಡು (ಚಾವಣಿ) ಕೊರೆಯಲು ಕೂರುತ್ತಾರೆ. ಜಾಗ ಮೊದಲು, ಮನೆ ಆಮೇಲೆ.

1. ಶೋಕೇಸಿನ ಒಳಗಿನ ಅಗಲ, ಎತ್ತರ, ಆಳ ಬರೆದಿಡಿ. ಗಾಜು ಜಾರುವ ಚಾನೆಲ್ ನುಂಗುವ ಜಾಗ ಕಳೆಯಿರಿ.

2. ಸ್ಕೇಲ್ ಗೊತ್ತುಮಾಡಿ. 6 ಇಂಚಿನ ಫಿಗರ್ ಸುಮಾರು 1:12. ಲೆಕ್ಕ ಸುಲಭ, ನಿಜದ ಒಂದು ಅಡಿಗೆ ಇಲ್ಲಿ ಒಂದು ಇಂಚು. 3.75 ಇಂಚಿನದ್ದು 1:18. 12 ಇಂಚಿನ 1:6 ಫಿಗರ್ ಇದ್ದರೆ ಒಂದಡಿ ಶೋಕೇಸಿನಲ್ಲಿ ಮನೆ ಕಟ್ಟುವ ಆಸೆ ಬಿಡಿ. ಹಿಂದೊಂದು ಗೋಡೆ, ಕೆಳಗೊಂದು ನೆಲ, ಅಷ್ಟೇ.

3. ಈಗ ಎಲ್ಲರೂ ಎಡವುವ ಜಾಗ. ಫಿಗರಿನ ಎತ್ತರ ಅಳೆಯುತ್ತಾರೆ, ಭಂಗಿ ಅಳೆಯುವುದಿಲ್ಲ. ಯಕ್ಷಗಾನದ ವೇಷಕ್ಕೆ ಧೀಂಗಿಣ (ಗಿರಕಿ) ಹಾಕಲು ರಂಗಸ್ಥಳ ಬೇಕಲ್ವಾ, ಹಾಗೆ. ಕಾಲು ಅಗಲಿಸಿ ಕತ್ತಿ ಬೀಸಿದ 6 ಇಂಚಿನ ಫಿಗರ್‌ಗೆ 9 ಇಂಚು ಅಗಲವೂ ಬೇಕಾದೀತು.

ಶೋಕೇಸಿನ ಒಳ ಅಳತೆಗೆ ಒಂದು ರಟ್ಟು ಕತ್ತರಿಸಿ. ಬೇಕಾದ ಭಂಗಿಯಲ್ಲೇ ಫಿಗರನ್ನು ಅದರ ಮೇಲೆ ನಿಲ್ಲಿಸಿ. ಪೆನ್ಸಿಲ್ ಗೆರೆ ಪಾದದ ಸುತ್ತ ಅಲ್ಲ. ಮೇಲಿನಿಂದ ನೋಡಿ, ಕೈ, ಕತ್ತಿಯ ತುದಿ, ಬಟ್ಟೆಯ ಅಂಚು ಎಲ್ಲಿಗೆ ಬರುತ್ತದೋ ಅಲ್ಲಿ ಎಳೆಯಿರಿ. ಗೆರೆಯ ಸುತ್ತ ಎರಡು ಬೆರಳಿನ ಜಾಗ ಬಿಡಿ. ಇಲ್ಲದಿದ್ದರೆ ಧೂಳು ಒರೆಸಲು ಒಂದನ್ನು ಎತ್ತುವಾಗ ಉಳಿದವೆಲ್ಲ ಅಡ್ಡ ಬೀಳುತ್ತವೆ ಮಾರಾಯ್ರೇ. ಮಿಕ್ಕಿದ್ದು ಮಾತ್ರ ಕಟ್ಟಡಕ್ಕೆ. ಒಂದಡಿ ಆಳದಲ್ಲಿ ಹಿಂದೆ ಮೂರು ಇಂಚು ಉಳಿದರೆ ದೊಡ್ಡದು.

ಆ ಮೂರು ಇಂಚಿಗೆ ಇಡೀ ಮನೆ ತುರುಕಬೇಡಿ. ಜಗಲಿಯ ಒಂದು ಮೂಲೆ, ಎರಡು ಕಂಬ, ಮೇಲೆ ಎರಡು ಸಾಲು ಹೆಂಚು ಸಾಕು. ಮಂಗಳೂರು ಹೆಂಚಿನ ಉದ್ದ ಸುಮಾರು 16 ಇಂಚು. 1:12ರಲ್ಲಿ ಅದು ಒಂದೂ ಕಾಲು ಇಂಚಿಗಿಂತ ಚೂರು ಜಾಸ್ತಿ, ಅಷ್ಟೇ. ಕಣ್ಣಂದಾಜಿನಲ್ಲಿ ಬೆರಳುದ್ದ ಕತ್ತರಿಸಿದರೆ ಪಕ್ಕದ ಫಿಗರ್ ಕುಳ್ಳನಾಗುತ್ತಾನೆ.

ಆಳ ಜಾಸ್ತಿ ಕಾಣಬೇಕಾ? ಹಿಂದಿನ ಕಿಟಕಿ, ಬೇಲಿಗಳನ್ನು 1:18ಕ್ಕೆ ಇಳಿಸಿ. ನೆಲವನ್ನು ಹಿಂದಕ್ಕೆ ಹೋದಂತೆ ಅರ್ಧ ಇಂಚು ಏರಿಸಿ. ಆಕಾಶದ ಚಾರ್ಟ್ ಪೇಪರನ್ನು ಮೂಲೆಯಲ್ಲಿ ಮಡಚದೆ ಬಾಗಿಸಿ ಅಂಟಿಸಿ. ಮೂಲೆಯ ಗೆರೆ ಕಂಡಿತೋ, ಪೆಟ್ಟಿಗೆ ಅಂತ ಗೊತ್ತಾಗಿಹೋಯಿತು. ಕಡಲು ಬಿಡಿಸುವುದಾದರೆ ನೀರು, ಆಕಾಶ ಸೇರುವ ಗೆರೆ ಫಿಗರಿನ ಕಣ್ಣಿನ ಮಟ್ಟಕ್ಕಿರಲಿ. ಶೋಕೇಸಿನ ಆ ಅಂತಸ್ತು ನಿಮ್ಮ ಕಣ್ಣಿನ ಮಟ್ಟಕ್ಕಿರಲಿ. ಅಕ್ವೇರಿಯಂ ಅಂಗಡಿಯ ಹೊಳಪಿನ ಪೋಸ್ಟರ್ ಮಾತ್ರ ಬೇಡವೇ ಬೇಡ. ಲೈಟ್ ಹಾಕಿದರೆ ಆಕಾಶದಲ್ಲಿ ಬಲ್ಬ್ ಕಾಣುತ್ತದೆ.

4. ಕಟ್ಟಲು ಹಗುರವಾದ ಫೋಮ್ ಹಲಗೆ, ಅಂದರೆ ಸನ್‌ಬೋರ್ಡ್ ತೆಗೆದುಕೊಳ್ಳಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನಮ್ಮ ಮಳೆಗಾಲಕ್ಕೆ ಅಂಚಿನಿಂದ ಉಬ್ಬುತ್ತದೆ. ಉಬ್ಬಿದರೆ ಅಳೆದು ಬಿಟ್ಟ ಜಾಗವೂ ಹೋಯಿತು. ಥರ್ಮೊಕೋಲ್ ಅಗ್ಗ, ಆದರೆ ಸ್ಪ್ರೇ ಪೇಂಟ್ ತಾಗಿದರೆ ಕರಗಿ ಹೊಂಡ ಬೀಳುತ್ತದೆ. ಅದಕ್ಕೆ ಅಕ್ರಿಲಿಕ್ ಬಣ್ಣವನ್ನು ಬ್ರಶ್ಶಿನಲ್ಲೇ ಬಳಿಯಿರಿ. ಕೆಂಪುಕಲ್ಲಿನ ಗೋಡೆ ಬೇಕಿದ್ದರೆ ಥರ್ಮೊಕೋಲನ್ನು ಹಳೇ ಟೂತ್‌ಬ್ರಶ್ಶಿನಿಂದ ಕುಟ್ಟಿ ತೂತು ಎಬ್ಬಿಸಿ.

5. ನೆಲಕ್ಕೆ ಫೆವಿಕೋಲ್ ಬಳಿದು ಹೊಯಿಗೆ (ಮರಳು) ಉದುರಿಸಿ. ಮಲ್ಪೆಯದ್ದೋ ಪಣಂಬೂರಿನದ್ದೋ ಕಡಲತೀರದಿಂದ ಸುಮ್ನೆ ಹಿಡಿ ತುಂಬಿಕೊಂಡು ಬರುವವರಿದ್ದಾರೆ. ಅದರಲ್ಲಿರುವ ಉಪ್ಪು ಪಸೆ ಎಳೆಯುತ್ತದೆ. ಸಿಹಿನೀರಿನಲ್ಲಿ ನಾಲ್ಕೈದು ಸಲ ತೊಳೆದು, ಬಿಸಿಲಿಗೆ ಒಣಗಿಸಿಯೇ ಹಾಕಿ. ನಿಜವಾದ ಪಾಚಿ, ಒಣ ಎಲೆ ಬೇಡ, ಬೂಸ್ಟು ಹಿಡಿಯುತ್ತದೆ.

6. ಎಲ್‌ಇಡಿ ಪಟ್ಟಿಯನ್ನು ಮುಂಭಾಗದ ಮೇಲಂಚಿಗೆ ಅಂಟಿಸಿ, ಅಡಾಪ್ಟರ್ ಹೊರಗಿಡಿ. ಫಿಗರ್ ನಿಲ್ಲದಿದ್ದರೆ ಪಾದದಡಿ ಪೋಸ್ಟರ್ ಅಂಟಿಸುವ ಮೆತ್ತನೆಯ ಗಮ್ ಒಂದು ಕಾಳಿನಷ್ಟು ಇಡಿ. ಫೆವಿಕ್ವಿಕ್ ಹಾಕಿದರೆ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜು ಕೂರುತ್ತದೆ, ಭಂಗಿ ಬದಲಿಸಲೂ ಆಗುವುದಿಲ್ಲ.