ಬರ್ಲಿನ್‌ಗೆ ಓದಲು ಬರುತ್ತಿರುವವರಿಗೆ: ಇನ್ನೊಂದು ಕೀ ಯಾರ ಹತ್ತಿರ ಇದೆ?

ಸೆಪ್ಟೆಂಬರ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಅಕ್ಕಾ, ಬರ್ಲಿನ್ ಸೇಫಾ?" ದಾವಣಗೆರೆಯ ಹುಡುಗ, ಹುಬ್ಬಳ್ಳಿಯ ಹುಡುಗಿ, ಮೈಸೂರಿನವರು. ಹಿಂದಿನಿಂದ ಅವರಮ್ಮನ ದನಿ ಸಣ್ಣಗೆ ಕೇಳಿಸುತ್ತದೆ: "ರಾತ್ರಿ ಹೊತ್ತು ಓಡಾಡಬಹುದಾ ಅಂತ ಕೇಳು."

ಓಡಾಡಬಹುದು. ನಾನು 2008ರಲ್ಲಿ ತಿಪಟೂರಿನಿಂದ ಮಾಸ್ಟರ್ಸ್ ಓದಲು ಬಂದವಳು. ಬಂದವಳು ಇಲ್ಲೇ ಉಳಿದುಬಿಟ್ಟೆ. ಇಷ್ಟು ವರ್ಷದಲ್ಲಿ ಕತ್ತಲಲ್ಲಿ ಯಾರೂ ನನ್ನನ್ನು ಅಡ್ಡ ಹಾಕಿಲ್ಲ. ನಾನು ಕಳಕೊಂಡದ್ದೆಲ್ಲ ಒಳ್ಳೆ ಬೆಳಕಿನಲ್ಲೇ, ಹೆಚ್ಚಿನದು ನನ್ನದೇ ಪೆದ್ದುತನದಿಂದ. ಅದರಲ್ಲಿ ದೊಡ್ಡವು ಎರಡು, ಎರಡೂ ಮನೆ ಕೀಗೆ ಸಂಬಂಧಪಟ್ಟವು.

ಮೊದಲನೆಯದು ವಿಮಾನ ಹತ್ತುವ ಮುಂಚೆಯೇ ಆಯಿತು. ತಿಪಟೂರಿನ ಸೈಬರ್ ಕೆಫೆಯಲ್ಲಿ ಕೂತು ರೂಮು ಹುಡುಕುತ್ತಿದ್ದೆ. ಒಂದು ಜಾಹೀರಾತು ಸಿಕ್ಕಿತು. ಮರದ ನೆಲ, ದೊಡ್ಡ ಕಿಟಕಿ, ಕಿಟಕಿಯಲ್ಲಿ ಒಂದು ಬೆಕ್ಕು ಬೇರೆ. ಬಾಡಿಗೆ ತೀರಾ ಕಡಿಮೆ. ಮಾಲೀಕರು ಕೆಲಸದ ಮೇಲೆ ಲಂಡನ್ನಿನಲ್ಲಿದ್ದಾರಂತೆ. 600 ಯೂರೋ ಅಡ್ವಾನ್ಸ್ ಕಳಿಸಿದರೆ ಕೀಯನ್ನು ಕೊರಿಯರ್ ಮಾಡುತ್ತಾರಂತೆ. ಕಳಿಸಿದೆ. ಅಪ್ಪ ಕೊಬ್ಬರಿ ಮಾರಿ ತಂದ ದುಡ್ಡು ಅದು. ಎರಡು ವಾರ ಬೀದಿಯಲ್ಲಿ ಸೈಕಲ್ ಬೆಲ್ ಕೇಳಿದಾಗಲೆಲ್ಲ ಬಾಗಿಲಿಗೆ ಓಡಿದೆ. ಅಪ್ಪ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗುತ್ತಿತ್ತೇನೋ.

ಈಗಲೂ ಅದೇ ಕಥೆ ನಡೆಯುತ್ತಿದೆ. ಮಾಲೀಕ ಲಂಡನ್ ಬಿಟ್ಟು ಬೇರೆ ಊರಿಗೆ ಹೋಗಿರುತ್ತಾನೆ, ಅಷ್ಟೆ. ಆದ್ದರಿಂದ ಕೇಳಿ. ನಿಮ್ಮ ಕಡೆಯವರು ಯಾರಾದರೂ ಆ ಮನೆಯೊಳಗೆ ಕಾಲಿಟ್ಟು ನೋಡುವ ತನಕ ಒಂದು ಸೆಂಟೂ ಕಳಿಸಬೇಡಿ. ಪಾಸ್‌ಪೋರ್ಟ್ ಕಾಪಿಯನ್ನೂ ಕಳಿಸಬೇಡಿ, ನಾಳೆ ಅದನ್ನೇ ತೋರಿಸಿ ಇನ್ನೊಬ್ಬರಿಗೆ ಟೋಪಿ ಹಾಕುತ್ತಾರೆ. ಅಡ್ವಾನ್ಸು ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದು ಇರುವುದಿಲ್ಲ. ಕರೆಂಟು, ಹೀಟಿಂಗ್ ಬಿಟ್ಟು ಬರೀ ಬಾಡಿಗೆಯ ಮೂರು ಪಟ್ಟಿಗಿಂತ ಜಾಸ್ತಿ ಕೇಳಲು ಇಲ್ಲಿನ ಕಾನೂನು ಬಿಡುವುದಿಲ್ಲ. ಸ್ಟುಡಿಯರೆಂಡೆನ್‌ವೆರ್ಕ್ ಎನ್ನುವ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್‌ಗೆ ಅಡ್ಮಿಷನ್ ಸಿಕ್ಕ ದಿನವೇ ಅರ್ಜಿ ಹಾಕಿ, ಸರದಿ ಉದ್ದ ಇರುತ್ತದೆ.

ಕಾಗದಪತ್ರದ ವಿಷಯ ಇಷ್ಟೇ: ಮನೆ ಸೇರಿದ 14 ದಿನದೊಳಗೆ ವಿಳಾಸ ನೋಂದಣಿ, ಅಂದರೆ ಅನ್ಮೆಲ್ಡುಂಗ್, ಆಮೇಲೆ ಬ್ಯಾಂಕು, ವಿಮೆ, ವೀಸಾ. ಯೂನಿವರ್ಸಿಟಿಯವರೇ ಪಟ್ಟಿ ಕೊಡುತ್ತಾರೆ, ನೋಡಿಕೊಂಡು ಮಾಡಿ.

ಈಗ ಎರಡನೆಯ ಕೀ. ಇಲ್ಲಿನ ಮನೆ ಬಾಗಿಲನ್ನು ಬಂದ ದಿನವೇ ಸರಿಯಾಗಿ ನೋಡಿಟ್ಟುಕೊಳ್ಳಿ. ಹೊರಗಡೆ ತಿರುಗಿಸುವ ಹಿಡಿ ಇರುವುದಿಲ್ಲ. ಒಂದು ಗುಂಡನೆಯ ಗುಬುಟು ಇರುತ್ತದೆ, ಅದು ಅಲ್ಲಾಡುವುದಿಲ್ಲ. ಬಾಗಿಲು ಮುಚ್ಚಿತೋ, ಬೀಗ ಬಿದ್ದ ಹಾಗೇ. ನಮ್ಮೂರಲ್ಲಿ ಬೀಗ ಹಾಕಿದರೆ ಮಾತ್ರ ಬೀಗ ಬೀಳುತ್ತದೆ, ಅಲ್ವಾ? ಆ ಅಭ್ಯಾಸದಲ್ಲೇ ನಾನು ನವೆಂಬರ್ ತಿಂಗಳ ಒಂದು ಭಾನುವಾರ ಕಸ ಹಾಕಲು ಕೆಳಗೆ ಇಳಿದೆ. ಕಾಲಲ್ಲಿ ಹವಾಯಿ ಚಪ್ಪಲಿ, ಮೈಮೇಲೆ ಸ್ವೆಟರ್ ಇಲ್ಲ, ಫೋನು ಒಳಗೆ, ಒಲೆ ಮೇಲೆ ಬೇಳೆ. ಕಿಟಕಿಯ ಗಾಳಿಗೆ ಬಾಗಿಲು ಟಪ್ ಎಂದಿತು.

ಮೇಲಿನ ಮನೆಯ ಹುಡುಗ ಫೋನು ಕೊಟ್ಟ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ಬೀಗ ರಿಪೇರಿಯವನಿಗೇ ಮಾಡಿದೆ. ಜಾಹೀರಾತಿನಲ್ಲಿ 19 ಯೂರೋದಿಂದ ಎಂದಿತ್ತು. ಆ 'ದಿಂದ' ಎನ್ನುವುದರ ಬೆಲೆ ಆಮೇಲೆ ಗೊತ್ತಾಯಿತು. ಒಬ್ಬ ಬಂದ. ಎಕ್ಸ್-ರೇ ಹಾಳೆಯಂಥ ಒಂದು ಪ್ಲಾಸ್ಟಿಕ್ಕನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಎರಡು ಸಲ ಅಲ್ಲಾಡಿಸಿದ. ತೆರೆದುಕೊಂಡಿತು. ಒಂದು ನಿಮಿಷವೂ ಆಗಲಿಲ್ಲ. ಬಿಲ್ಲು 380 ಯೂರೋ. ಭಾನುವಾರಕ್ಕೆ ಬೇರೆ, ದೂರಕ್ಕೆ ಬೇರೆ, ಸಂಜೆಗೆ ಬೇರೆ. ಸೀದ ಬೇಳೆಯ ವಾಸನೆಯಲ್ಲಿ ನಿಂತು ತೆತ್ತೆ. ತಿಂಗಳ ಬಾಡಿಗೆಗಿಂತ ಜಾಸ್ತಿ ಅದು.

ನೀವು ಹಾಗೆ ಮಾಡಬೇಡಿ. ನಿಮ್ಮ ಬಡಾವಣೆಯಲ್ಲೇ ಅಂಗಡಿ ಇಟ್ಟಿರುವ ಬೀಗದವರ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. "ಬಾಗಿಲು ಬರೀ ಎಳೆದುಕೊಂಡಿದೆ, ಕೀ ತಿರುಗಿಸಿಲ್ಲ, ಒಟ್ಟು ಎಷ್ಟು?" ಎಂದು ಫೋನಲ್ಲೇ ಕೇಳಿ. ಬಂದವನು ಮಾತು ಬದಲಿಸಿ ಹೆದರಿಸಿದರೆ 110ಕ್ಕೆ ಮಾಡಿ, ಅದು ಪೊಲೀಸ್. ಒಳಗೆ ಒಲೆ ಉರಿಯುತ್ತಿದ್ದರೆ ಬೀಗದವನಿಗೆ ಕಾಯಬೇಡಿ, 112ಕ್ಕೆ ಮಾಡಿ. ಅಗ್ನಿಶಾಮಕಕ್ಕೂ ಆಂಬುಲೆನ್ಸ್‌ಗೂ ಅದೇ ನಂಬರ್. ಬರೀ ಜ್ವರ, ಆದರೆ ಕ್ಲಿನಿಕ್ ಮುಚ್ಚಿದೆ ಎನ್ನುವಾಗ 116117.

ಕೀ ಕಳೆದುಹೋದರೆ ಇನ್ನೂ ಕಷ್ಟ. ಕೆಲವು ಕಟ್ಟಡಗಳಲ್ಲಿ ನಿಮ್ಮ ಕೀಯೇ ಕೆಳಗಿನ ದೊಡ್ಡ ಬಾಗಿಲಿಗೂ ಆಗುತ್ತದೆ. ಅದು ಕಳೆದರೆ ಇಡೀ ಕಟ್ಟಡದ ಬೀಗ ಬದಲಿಸಿ ಬಿಲ್ಲನ್ನು ನಿಮ್ಮ ತಲೆಗೆ ಕಟ್ಟಬಹುದು, ಸಾವಿರಗಟ್ಟಲೆ ಯೂರೋ. ಹಾಫ್ಟ್‌ಫ್ಲಿಷ್ಟ್ ಎನ್ನುವ ವಿಮೆ ಮಾಡಿಸಿ, ನಮ್ಮಿಂದ ಬೇರೆಯವರಿಗಾದ ನಷ್ಟವನ್ನು ಅದು ಭರಿಸುತ್ತದೆ. ಮಾಡಿಸುವಾಗ ಬಾಡಿಗೆ ಮನೆಯ ಕೀ ಸೇರಿದೆಯಾ ಎಂದು ಕೇಳಿ.

ಇನ್ನು ಬೀದಿ. ಕೊಟ್‌ಬುಸ್ಸರ್ ಟೋರ್, ಅಲೆಕ್ಸಾಂಡರ್‌ಪ್ಲಾಟ್ಸ್, ಹೆರ್ಮಾನ್‌ಪ್ಲಾಟ್ಸ್, ವಾರ್ಷಾವರ್ ಸೇತುವೆ. ಜೇಬುಗಳ್ಳರಿಗೆ ಹೆಸರಾದ ಈ ಜಾಗಗಳ ಹೆಸರು ಕೇಳಿ ಹೆದರಬೇಕಿಲ್ಲ, ಮೆಜೆಸ್ಟಿಕ್‌ನಲ್ಲಿ ಇಳಿದಾಗ ಬ್ಯಾಗನ್ನು ಹೇಗೆ ಮುಂದಕ್ಕೆ ಎಳೆದುಕೊಳ್ಳುತ್ತೀರೋ ಹಾಗೆ ಎಳೆದುಕೊಂಡರೆ ಸಾಕು. ಕೊಟ್‌ಬುಸ್ಸರ್ ಟೋರ್‌ನಲ್ಲಂತೂ 2023ರಿಂದ ಚೌಕದ ಮೇಲೇ ಪೊಲೀಸ್ ಠಾಣೆ ಇದೆ. ನನ್ನ ಫೋನು ಹೋದದ್ದು ಬೆಳಗ್ಗೆ ಒಂಬತ್ತಕ್ಕೆ, ಯು8 ಮೆಟ್ರೋ ರೈಲಿನಲ್ಲಿ, ಬಾಗಿಲ ಪಕ್ಕದ ಸೀಟಿನಲ್ಲಿ. ಅಮ್ಮ ಕಳಿಸಿದ ಫೋಟೋ ನೋಡುತ್ತಾ ಕೂತಿದ್ದೆ. ಬಾಗಿಲು ಮುಚ್ಚುವ ಕ್ಷಣಕ್ಕೆ ಒಂದು ಕೈ ಬಂತು, ಫೋನ್ ಹೋಯಿತು, ಬಾಗಿಲು ಮುಚ್ಚಿತು. ಗಾಜಿನ ಆಚೆ ಅವನು ಓಡಲೂ ಇಲ್ಲ, ನಡೆದೇ ಹೋದ. ಬ್ಯಾಂಕ್ ಕಾರ್ಡ್ ಹೋದರೆ ತಡೆ ಹಿಡಿಸಲು 116 116, ಇದನ್ನು ಫೋನಿನಲ್ಲಿ ಮಾತ್ರ ಬರೆದಿಟ್ಟುಕೊಂಡರೆ ಪ್ರಯೋಜನವಿಲ್ಲ ಎನ್ನುವುದು ಆ ದಿನದ ಪಾಠ.

ಶುಕ್ರವಾರ, ಶನಿವಾರ ರಾತ್ರಿ ಯು-ಬಾನ್, ಅಂದರೆ ಮೆಟ್ರೋ, ಬೆಳಗಿನ ತನಕ ಓಡುತ್ತದೆ, ಬೇರೆ ದಿನ ರಾತ್ರಿ ಬಸ್ಸು. ತಡವಾದರೆ ಡ್ರೈವರ್ ಹಿಂದಿನ ಮೊದಲ ಬೋಗಿಯಲ್ಲಿ ಕೂರಿ. ಕುಡಿದವನೊಬ್ಬ ಬಣ್ಣ ನೋಡಿ ಕೂಗಾಡುವುದು ಎಂದಾದರೂ ಆಗುತ್ತದೆ. ಆಗುವುದೇ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಎದುರುತ್ತರ ಕೊಡಬೇಡಿ, ಮುಂದಿನ ಸ್ಟೇಷನ್ನಿನಲ್ಲಿ ಬೋಗಿ ಬದಲಿಸಿ. ಇಲ್ಲಿನ ಜನ ನಮ್ಮವರ ಹಾಗೆ ತಾವಾಗಿಯೇ "ಏನಪ್ಪಾ ಅದು ಗಲಾಟೆ?" ಎಂದು ಬರುವುದಿಲ್ಲ. ಆದರೆ ಒಬ್ಬರ ಮುಖ ನೋಡಿ "ಹಸಿರು ಜಾಕೆಟ್ಟಿನವರೇ, ಸಹಾಯ ಮಾಡಿ" ಎಂದರೆ ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ನನಗೆ ಹಾಗೆ ನಿಂತಿದ್ದಾರೆ.

ಪೊಲೀಸ್ ಎಂದೋ ರಾಯಭಾರ ಕಚೇರಿ ಎಂದೋ ಫೋನ್ ಮಾಡಿ ದುಡ್ಡು ಕೇಳಿದರೆ ಸುಮ್ನೆ ಇಟ್ಟುಬಿಡಿ. ವಾದ ಬೇಡ.

ಹುಡುಗರಿಗೆ ಒಂದು ಮಾತು ಜೋರಾಗಿ ಹೇಳಬೇಕು. ಬೇಸಿಗೆಯಲ್ಲಿ ಎಲ್ಲರೂ ಕೆರೆಗೆ ಹೋಗುತ್ತಾರೆ, ಷ್ಲಾಖ್ಟೆನ್‌ಜೇ, ಮ್ಯೂಗೆಲ್‌ಜೇ. ಇಲ್ಲಿನ ಮಕ್ಕಳು ಸ್ಕೂಲಿನಲ್ಲೇ ಈಜು ಕಲಿತವರು, ಮೀನಿನ ಹಾಗೆ ಆಚೆ ದಡಕ್ಕೆ ಹೋಗುತ್ತಾರೆ. ಅವರನ್ನು ನೋಡಿಕೊಂಡು ಇಳಿಯಬೇಡಿ. ಮೇಲೆ ಬೆಚ್ಚಗಿದ್ದ ನೀರು ಕೆಳಗೆ ಕೊರೆಯುತ್ತಿರುತ್ತದೆ. ಈಜು ಬರದಿದ್ದರೆ ಮೊಣಕಾಲು ತನಕ ಇಳಿದು ವಾಪಸ್ ಬಂದು ಚಿತ್ರಾನ್ನ ತಿನ್ನಿ, ಅದರಲ್ಲಿ ನಾಚಿಕೆ ಏನಿಲ್ಲ.

ಡಿಸೆಂಬರ್ ಬೇರೆಯೇ ಕಥೆ. ನಾಲ್ಕು ಗಂಟೆಗೆಲ್ಲ ಕತ್ತಲು. ಮನೆಗೆ ಫೋನ್ ಮಾಡಿ "ಊಟ ಆಯ್ತಮ್ಮ, ಚೆನ್ನಾಗಿದ್ದೀನಿ" ಎನ್ನುತ್ತೀರಿ. ನಾನೂ ಮೂರು ದಿನ ಹಾಸಿಗೆ ಬಿಟ್ಟು ಏಳದೆ ಹಾಗೇ ಅಂದಿದ್ದೆ. ಆ ಮೂರು ದಿನ ಯಾರೂ ಬಾಗಿಲು ತಟ್ಟಲಿಲ್ಲ. ತಟ್ಟಲು ಯಾರಿಗೂ ಗೊತ್ತೇ ಇರಲಿಲ್ಲ. ಊರಲ್ಲಿ ಬೆಳಗ್ಗೆ ರಂಗೋಲಿ ಬಿದ್ದಿಲ್ಲ ಅಂದರೆ ಎದುರು ಮನೆಯವರು ಬಂದು ಕೇಳುತ್ತಾರೆ. ಇಲ್ಲಿ ಅಂಥದ್ದನ್ನು ನಾವೇ ಮಾಡಿಕೊಳ್ಳಬೇಕು.

ಆ 380 ಯೂರೋ ದಿನದ ಮಾರನೆಯ ದಿನ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿ, "ನನ್ನ ಬೆಲ್ ಯಾಕೆ ಒತ್ತಲಿಲ್ಲ?" ಎಂದು ಕೇಳಿದರು. ಒಂದು ವರ್ಷ ಅವರಿಗೆ ಗುಟೆನ್ ಟಾಗ್ ಬಿಟ್ಟು ಬೇರೇನೂ ಅಂದಿರಲಿಲ್ಲ. ಅಂದಿನಿಂದ ನನ್ನ ಇನ್ನೊಂದು ಕೀ ಅವರ ಹತ್ತಿರ. (ಅಜ್ಜಿ ಎನ್ನುವುದು ನನ್ನ ಮನಸ್ಸಿನಲ್ಲಿ ಮಾತ್ರ. ಎದುರಿಗೆ ಫ್ರಾವ್, ಅಂದರೆ ಶ್ರೀಮತಿ, ಸೇರಿಸಿ ಮನೆತನದ ಹೆಸರಿನಿಂದಲೇ ಕರೆಯಬೇಕು. ಹೊಸದರಲ್ಲಿ ನಮ್ಮ ಭಾಷೆಯ ಸಲುಗೆ ಇಲ್ಲಿ ನಡೆಯುವುದಿಲ್ಲ.) ಈಗ ನಮ್ಮ ಅಡುಗೆಮನೆಯ ಮೊಳೆಗಳಲ್ಲಿ ಏಳು ಹುಡುಗ ಹುಡುಗಿಯರ ಕೀ ನೇತಾಡುತ್ತಿವೆ, ಕನ್ನಡದಲ್ಲಿ ಹೆಸರು ಬರೆದ ಚೀಟಿ ಕಟ್ಟಿಕೊಂಡು. ನಿಮ್ಮ ಕೀಯನ್ನೂ ನಂಬುವಂಥ ಒಬ್ಬರಿಗೆ ಕೊಡಿ. ಎರಡು ದಿನ ಮೆಸೇಜ್ ನೋಡದಿದ್ದರೆ ಬಂದು ಬಾಗಿಲು ತಟ್ಟಬೇಕು ಎಂದು ಬಾಯಿಬಿಟ್ಟು ಹೇಳಿ.

ನನ್ನ ಮಗಳು ಇಲ್ಲೇ ಹುಟ್ಟಿದವಳು. ಎರಡನೇ ಕ್ಲಾಸಿನಿಂದ ಕೊರಳಲ್ಲಿ ದಾರಕ್ಕೆ ಕಟ್ಟಿದ ಕೀ ಹಾಕಿಕೊಂಡು ಒಬ್ಬಳೇ ಸ್ಕೂಲಿಗೆ ಹೋಗುತ್ತಾಳೆ. ನನಗಿಂತ ಅವಳಿಗೆ ಈ ಊರು ಚೆನ್ನಾಗಿ ಗೊತ್ತು. ಕಸ ಹಾಕಲು ಹೋಗುವಾಗ "ಅಮ್ಮಾ, ಕೀ?" ಎಂದು ನೆನಪಿಸುವವಳು ಅವಳೇ. ಹೋದ ವರ್ಷ ತಿಪಟೂರಿಗೆ ಹೋಗಿದ್ದೆವು. ಸಂಜೆ ದೀಪ ಹಚ್ಚುವ ಹೊತ್ತು, ಲಕ್ಷ್ಮಿ ಬರುವ ಸಮಯವೆಂದು ಅಮ್ಮ ಮುಂಬಾಗಿಲು ಪೂರ್ತಿ ತೆಗೆದಿಟ್ಟರು. ಮಗಳು ಹೋಗಿ ಹಾಕಿದಳು. ಅಮ್ಮ ಮತ್ತೆ ತೆಗೆದರು. ಇವಳು ಮತ್ತೆ ಹಾಕಿದಳು, ಕಳ್ಳರು ಬರುತ್ತಾರೆ ಎಂದು ಜರ್ಮನ್‌ನಲ್ಲಿ ನನ್ನ ಮೇಲೆ ರೇಗಿದಳು. ಅದನ್ನು ಕನ್ನಡಕ್ಕೆ ಮಾಡಿ ಹೇಳಲು ನನಗೆ ಬಾಯಿ ಬರಲಿಲ್ಲ. ಮೂರನೇ ಸಲ ಅಮ್ಮ ಹಿತ್ತಿಲಿಗೆ ಹೋಗಿ ಒಂದು ತೆಂಗಿನಕಾಯಿ ತಂದು ಬಾಗಿಲಿಗೆ ಅಡ್ಡ ಇಟ್ಟರು.